ಸ್ಮಶಾನದ ಗೇಟು ತೆರೆಸಿದ ಕೋರೀನ್ ಗೇದರ್ಸ್

ಓಹಾಯೋ ನದಿಯ ದಡದ ನಮ್ಮ ನಗರದಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ವೇದಿಕೆಯೇರಿದವರು ಹಲವರು. ವೇದಿಕೆ ಬಿಚ್ಚಿದ ಮೇಲೆ ಅರ್ಜಿ ಬರೆದು, ಸಾಕ್ಷಿ ಕೂಡಿಸಿ, ಆ ಹಕ್ಕನ್ನು ಒಬ್ಬೊಬ್ಬರ ಮನೆಬಾಗಿಲಿಗೆ ಮುಟ್ಟಿಸಿದವರು ಕೆಲವರೇ. ಮಾನವ ಹಕ್ಕುಗಳ ಕಚೇರಿಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಕೋರೀನ್ ಗೇದರ್ಸ್ ಅವರು ಆ ಕೆಲವರಲ್ಲಿ ಅಗ್ರಗಣ್ಯರು.

೧೯೬೯ರಲ್ಲಿ ಅವರು ಕೆಲಸಕ್ಕೆ ಸೇರಿದಾಗ ನಾನು ಅಲ್ಲಿ ಬೆರಳಚ್ಚುಗಾರ. ಎರಡು ತಿಂಗಳೊಳಗೆ ಅರ್ಡೀಲಿಯ ಮಾಟ್ಲಿ ಎಂಬ ಕಪ್ಪು ಹಿರಿಯ ಮಹಿಳೆ ದೂರು ಹಿಡಿದು ಬಂದರು. ಬಸ್ ಚಾಲಕರಾಗಿದ್ದ ಅವರ ಪತಿ ತೀರಿಕೊಂಡಿದ್ದರು. ಮನೆಯೆದುರಿನ ಖಾಸಗಿ ಸ್ಮಶಾನದವರು ಜಾಗವೆಲ್ಲ ಮುಗಿದಿದೆಯೆಂದು ಅವರನ್ನು ಗೇಟಿನಿಂದಲೇ ಕಳಿಸಿದ್ದರು.

ನಾನು ಅಂದು ಆಡಿದ ಮಾತಿಗೆ ಇಂದಿಗೂ ನಾಚುತ್ತೇನೆ. "ಎಲ್ಲಿ ಹೂಳಿದ್ರೂ ಮಣ್ಣು ಒಂದೇ ಅಲ್ವೇನಕ್ಕ?"

"ಒಂದೇ ಆಗಿದ್ರೆ ಅವರು ಗೇಟು ಯಾಕಪ್ಪ ಮುಚ್ತಿದ್ರು?" ಎಂದರು ಕೋರೀನ್.

ಮೃತರ ಸಹೋದ್ಯೋಗಿ, ಬಿಳಿಯರಾದ ಹೆರಾಲ್ಡ್ ವೀಸ್ ಅವರನ್ನು ಮರುದಿನವೇ ಜಾಗ ಕೇಳಲು ಅದೇ ಗೇಟಿಗೆ ಕಳಿಸಿದರು. ಅವರಿಗೆ ಜಾಗ ಸಿಕ್ಕಿತು. ಮೊಕದ್ದಮೆ ಹೂಡಲಾಯಿತು, ವಿಚಾರಣೆ ಮುಂದಕ್ಕೆ ಬೀಳುತ್ತಲೇ ಇತ್ತು. ಶವ ಶೈತ್ಯಾಗಾರದಲ್ಲಿತ್ತು. ಹೂಳಲು ತಡವಾಯಿತೆಂದು ಬಂಧುಗಳು ಬೈಯತೊಡಗಿದರು. ಹನ್ನೆರಡನೆಯ ದಿನ ಕೋರೀನ್ ಕೇಳಿದರು: "ಅಮ್ಮ, ನೀವು ಸಾಕು ಅಂದ್ರೆ ಇವತ್ತೇ ನಿಲ್ಲಿಸ್ತೀನಿ. ನಿಮ್ಮ ದುಃಖದ ಮೇಲೆ ನನ್ನ ಹಟ ಬೇಡ."

"ಊರಾಚೆ ಸ್ಮಶಾನಕ್ಕೆ ಎರಡು ಬಸ್ಸು ಹತ್ತಿ ಗಂಡನ್ನ ನೋಡೋಕೆ ಹೋಗ್ಲಾ? ಈ ಮಂಡಿ ಇಟ್ಕೊಂಡು? ನಡಿ ಮಗಳೇ, ಕೋರ್ಟಿಗೆ."

ಹೆರಾಲ್ಡ್ ನ್ಯಾಯಾಧೀಶರೆದುರು ಹೇಳಿದ್ದು ಒಂದೇ ಮಾತು: "ನಂಗೆ ಯಾವ ಮೂಲೆ ಬೇಕು ಅಂತ ಕೇಳಿದ್ರು, ಸ್ವಾಮಿ. ಬಿಸಿಲಿಂದೋ, ನೆರಳಿಂದೋ ಅಂತ."

ಹದಿನಾರನೆಯ ದಿನ ತೀರ್ಪು ಬಂದು ಗೇಟು ತೆರೆಯಿತು. ಸಮವಸ್ತ್ರದ ಚಾಲಕರು ಪೆಟ್ಟಿಗೆ ಹೊತ್ತರು. ಅರ್ಡೀಲಿಯ ರಸ್ತೆ ದಾಟಿ ನಡೆದೇ ಹೋದರು. ಕೋರೀನ್ ಮಣ್ಣು ಹಾಕಿ, ಮಧ್ಯಾಹ್ನಕ್ಕೆ ಕಚೇರಿಗೆ ಮರಳಿ ಮುಂದಿನ ಕಡತ ತೆರೆದರು.

ಬಾಡಿಗೆ ಮನೆ, ಶಾಲೆ, ಆಸ್ಪತ್ರೆಯ ವಾರ್ಡು: ಅನಂತರದ ಮೊಕದ್ದಮೆಗಳಲ್ಲಿ ಅವರು ಸೋತವೂ ಉಂಟು. ಸೋತವರ ಮನೆಗೆ ತಾವೇ ಹೋಗಿ ಸುದ್ದಿ ತಿಳಿಸುವುದು ಅವರ ಪದ್ಧತಿ. ಅಂಚೆಯಲ್ಲಿ ಕಳಿಸಿದ್ದನ್ನು ನಾನು ಕಂಡಿಲ್ಲ.

ಕಳೆದ ವಾರ ಕಚೇರಿಯಲ್ಲಿ ನಡೆದ ಬೀಳ್ಕೊಡುಗೆಯಲ್ಲಿ ಅತಿಥಿಯೊಬ್ಬರು ಹೋರಾಟ ಮುಗಿಯಿತೆಂದು ಕೊಂಡಾಡಿದರು. ಕೋರೀನ್ ಎದ್ದು, "ಹಾಗಿದ್ರೆ ದೂರು ಹಿಡ್ಕೊಂಡು ಹೊರಗೆ ಕುರ್ಚೀಲಿ ಕೂತಿರೋ ಮೂರು ಜನ ಯಾರು?" ಎಂದವರೇ ಹಾರ ಕಳಚಿಟ್ಟು ಹೊರಗೆ ನಡೆದರು.

ಅವರು ನೂರು ವರ್ಷ ಬಾಳಲಿ. ಆ ಕುರ್ಚಿಗಳು ಖಾಲಿಯಾಗುವುದನ್ನು ಕಾಣಲಿ.