ಇಳಿಜಾರಿನ ಹೊಲದ ಬದು ತೆಗೆಸಿದ ವಿಷಯವಾಗಿ

ಅರಸೀಕೆರೆಯ ಒಂದು ಕಚೇರಿಯ ಟಪಾಲು ಶಾಖೆಯಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿರುವ ನಾನು, ಪತ್ರ, ಜ್ಞಾಪನ, ತಿಳುವಳಿಕೆ ನೋಟಿಸುಗಳನ್ನು ಬಿಟ್ಟು ಇದುವರೆಗೆ ಬೇರೇನನ್ನೂ ಬರೆದವಳಲ್ಲ. ನೆನಪುಗಳನ್ನು ಬರೆಯುವವರು ಎಲ್ಲಿಂದ ಆರಂಭಿಸುತ್ತಾರೆಂದು ತಿಳಿಯದೆ ಮೂರು ಬಾರಿ ಹಾಳೆ ಹರಿದಿದ್ದೇನೆ. ಆದ್ದರಿಂದ ನನಗೆ ಗೊತ್ತಿರುವ ಕ್ರಮದಲ್ಲೇ ಮೊದಲು ವಿಷಯವನ್ನು ಹೇಳಿ, ಆನಂತರ ವಿವರಕ್ಕೆ ಬರುತ್ತೇನೆ.

ವಿಷಯವೇನೆಂದರೆ, ನಮ್ಮ ಅತ್ತೆಯವರ ಹೊಲದ ನಡುವೆ ಇದ್ದ ಕಲ್ಲಿನ ಬದುವನ್ನು ಅವರು ಊರಿನಲ್ಲಿಲ್ಲದಾಗ, ಅವರನ್ನು ಕೇಳದೆ ನಾನು ತೆಗೆಸಿದೆನು. ತತ್ಪರಿಣಾಮವಾಗಿ ಒಂದೇ ಮಳೆಗೆ ಹೊಲದ ಮೇಲ್ಮಣ್ಣು ಹೋಯಿತು. ಅದನ್ನು ಅವರಿಗೆ ಹೇಳುವ ಮುಖ ನನಗಿರಲಿಲ್ಲ.

ಸದರಿ ಹೊಲವು ಹಾರನಹಳ್ಳಿಯ ಆಸುಪಾಸಿನ ನಮ್ಮ ಹಳ್ಳಿಯಲ್ಲಿದೆ. ಖುಷ್ಕಿ ಜಮೀನು, ಮಳೆಯನ್ನೇ ನಂಬಿದ್ದು. ಚಕ್ಕುಬಂದಿ ಹೇಳುವುದಾದರೆ, ಮೇಲ್ಗಡೆ ಕರಿಬಂಡೆಗಳ ಒಂದು ಗುಡ್ಡ, ಕೆಳಗಡೆ ಮಾವನವರ ದಾಯಾದಿಯೊಬ್ಬರ ಹೊಲ, ಅದರಾಚೆ ಊರ ಕೆರೆ. ಗುಡ್ಡದ ಬಂಡೆ ಬಿಸಿಲಿಗೆ ಕಾದು, ಮಳೆಗೆ ತಣಿದು, ಪದರ ಪದರವಾಗಿ ಬಿಟ್ಟು ಗರಸಾಗುತ್ತದೆ. ಗರಸು ಸವೆದು ಮಣ್ಣಾಗುತ್ತದೆ. ಮಣ್ಣಿನಲ್ಲಿ ನುಣುಪಾದುದೆಲ್ಲ ನೀರಿನೊಂದಿಗೆ ಇಳಿದು ಕೆರೆಯ ಹೊಟ್ಟೆ ಸೇರುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಆ ಕಪ್ಪು ಗೋಡನ್ನು ನಾವು ಟ್ರ್ಯಾಕ್ಟರಿನಲ್ಲಿ ಹೇರಿ ಪುನಃ ಹೊಲಕ್ಕೆ ತಂದು ಹರಡುತ್ತೇವೆ. ಮಳೆ ಇಳಿಸಿದ್ದನ್ನು ಮನುಷ್ಯರು ಹತ್ತಿಸುವ ಈ ಕೆಲಸ ನಮ್ಮ ಕಡೆ ಎಂದಿನಿಂದ ನಡೆದಿದೆಯೋ ನನಗೆ ತಿಳಿಯದು.

ಆ ವರ್ಷ ಗೋಡು ಹೊಡೆಸುವ ಹೊಣೆ ನನ್ನ ಮೇಲೆ ಬಿತ್ತು. ನಮ್ಮ ಯಜಮಾನರು ತೆಂಗಿನಕಾಯಿ ಮಂಡಿಯ ಕೆಲಸದಲ್ಲಿದ್ದು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು. ಅತ್ತೆಯವರು ಮಗಳ ಬಾಣಂತನಕ್ಕೆಂದು ಬೇಲೂರಿಗೆ ಹೊರಟಿದ್ದರು. ಬಸ್ಸು ಹತ್ತುವ ಮುನ್ನ ಅವರು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

“ಗೋಡು ಹೊಡಸು, ತೆಳ್ಳಗೆ ಹರಡಸು. ನಾ ಬರೋಗಂಟ ಹೊಲದಾಗೆ ಇನ್ನೇನೂ ಮುಟ್ಬೇಡ ಕಣೇ.”

ನಾನು ರಜೆ ಹಾಕಿ ನಿಂತು ಕೆಲಸ ಮಾಡಿಸಿದೆನು. ಕೆರೆಯಲ್ಲಿ ಗೋಡು ತುಂಬುತ್ತಿದ್ದ ಜೆಸಿಬಿ ನಮ್ಮ ಹೊಲಕ್ಕೂ ಬಂತು. ಅದರ ಚಾಲಕನು ಬದುವನ್ನು ನೋಡಿ, “ಮೇಡಂ, ಈ ಕಲ್ಲುಗುಡ್ಡೆ ಯಾಕೆ ಇಟ್ಕಂಡಿದೀರ? ಹಾವು ಸೇರ್ಕಳ್ಳಕ್ಕಾ? ಒಂದ್ಗಂಟೆ ಕೆಲಸ, ಹೊಲ ಒಂದೇ ಬಯಲಾಯ್ತದೆ, ಟ್ರ್ಯಾಕ್ಟರ್ ಸಲೀಸಾಗಿ ತಿರುಗ್ತದೆ” ಎಂದನು.

ಬದುವಿನ ಮೇಲೆ ಲಂಟಾನ ಬೆಳೆದಿತ್ತು, ಇಲಿಬಿಲಗಳಿದ್ದವು. ಎರಡು ಮಾರು ಅಗಲದ ನೆಲ ವ್ಯರ್ಥವಾಗಿದೆಯೆಂದು ನನಗೂ ಅನ್ನಿಸಿತು. ಮೌಖಿಕವಾಗಿ ಅನುಮತಿ ಕೊಟ್ಟೆನು. ಕಲ್ಲುಗಳನ್ನು ಕೆರೆ ದಾರಿಯ ಹಳ್ಳಗಳಿಗೆ ತುಂಬಿಸಿದ್ದರಿಂದ ಊರವರೂ ಮೆಚ್ಚಿದರು. ಗೋಡು ಹರಡಿದ ಮೇಲೆ ಹೊಲವು ಒಂದೇ ಹಾಸಿನ ಕರಿಕಂಬಳಿಯಂತೆ ಕಾಣಿಸಿತು. ಕೇಳಿದ್ದಕ್ಕಿಂತ ಹೆಚ್ಚಿನ ಕೆಲಸ ಮಾಡಿದ್ದೇನೆಂಬ ಸಂತೋಷದಲ್ಲಿ, ಅದನ್ನು ಅತ್ತೆಯವರಿಗೆ ಫೋನಿನಲ್ಲಿ ಹೇಳದೆ, ಬಂದಾಗ ನೋಡಲಿ ಎಂದು ಉಳಿಸಿಕೊಂಡೆನು.

ಕೃತ್ತಿಕೆ ಮಳೆ ಒಂದು ಮಧ್ಯಾಹ್ನ ಹಿಡಿಯಿತು. ನಾನು ಕಚೇರಿಯ ಕಿಟಕಿಯಿಂದ ನೋಡುತ್ತ, ಗೋಡಿಗೆ ಒಳ್ಳೆಯ ಹದವಾಯಿತೆಂದುಕೊಂಡೆನು. ಮರುದಿನ ಬೆಳಿಗ್ಗೆ ಹೊಲದ ಅಂಚಿನಲ್ಲಿ ನಿಂತವಳಿಗೆ ಯಾರದೋ ಹೊಲಕ್ಕೆ ಬಂದಿದ್ದೇನೆಂದು ಅನ್ನಿಸಿತು. ಮೇಲಿಂದ ಕೆಳಗಿನವರೆಗೆ ಬೆರಳುಗಳಂತೆ ಕೊರಕಲು ಬಿದ್ದಿದ್ದವು. ಗೋಡು ಇರಲಿಲ್ಲ. ಗೋಡಿನ ಕೆಳಗಿದ್ದ ಕೆಮ್ಮಣ್ಣೂ ಹೋಗಿ ಗರಸು, ಕಲ್ಲು ಎದ್ದು ಕಾಣುತ್ತಿದ್ದವು. ಕೆಳಹೊಲ ಮಾತ್ರ ಕಪ್ಪಗೆ, ಮೆತ್ತಗೆ, ಹೊಳೆಯುತ್ತಿತ್ತು.

ಕೆಳಹೊಲದವರನ್ನು ನಾನು ಮಾವ ಎಂದೇ ಕರೆಯುವುದು. ಅವರು ಟವೆಲ್ಲು ತಲೆಗೆ ಸುತ್ತಿಕೊಂಡು ತಮ್ಮ ಹೊಲದಲ್ಲಿ ಕೂತು ಬೀಡಿ ಹಚ್ಚಿದ್ದರು.

“ಬಾ ತಾಯಿ, ಬಾ. ಗೋಡು ಹೊಡಸಕ್ಕೆ ನನ್ನ ಕೈಲಾಗ್ದೆ ಕುಂತಿದ್ದೆ. ನೀನೇ ಮನೆ ಬಾಗ್ಲಿಗೆ ಕಳಿಸ್ಬಿಟ್ಟೆ. ಉಪಕಾರ ಕಣವ್ವ.”

ನಾನು ಬಸ್ಸಿನ ಹೊತ್ತಾಯಿತೆಂದು ಹೊರಟೆನು.

ಆ ದಿನ ಬಸ್ಸಿಗೆ ಬರುವಾಗ ಕೊರಕಲಿನಲ್ಲಿ ನಿಂತಿದ್ದ ನೀರನ್ನು ಕಲಕಿ, ನನ್ನ ಕುಡಿಯುವ ನೀರಿನ ಬಾಟಲಿಗೆ ತುಂಬಿಕೊಂಡೆನು. ಏಕೆ ಹಾಗೆ ಮಾಡಿದೆನೆಂಬುದಕ್ಕೆ ಸಮರ್ಪಕ ಕಾರಣ ಕೊಡಲಾರೆ. ಮೇಜಿನ ಮೇಲೆ ಇಟ್ಟದ್ದನ್ನು ನೋಡಿ ಪಕ್ಕದ ಮೇಜಿನ ಸಹೋದ್ಯೋಗಿ, “ಏನ್ರೀ ಮೇಡಂ, ಟೀ ಮನೆಯಿಂದ್ಲೇ ತಂದಿದೀರಾ? ನಮಗೂ ಒಂದ್ ಲೋಟ ಬಗ್ಸಿ” ಎಂದರು. ನಾನು ಬಾಟಲಿಯನ್ನು ಮೇಜಿನ ಮೂಲೆಗೆ ಸರಿಸಿದೆನು. ಟಪಾಲು ತೆರೆದು ಮುಗಿಸುವಷ್ಟರಲ್ಲಿ ತಳದಲ್ಲಿ ಗರಸಿನ ಕಾಳುಗಳು ನಿಂತಿದ್ದವು. ಊಟದ ಹೊತ್ತಿಗೆ ಅದರ ಮೇಲೆ ಮರಳಿನ ಒಂದು ಗೆರೆ. ಮೇಲಿನ ನೀರು ಮಾತ್ರ ಸಂಜೆಯಾದರೂ ತಿಳಿಯಾಗಲಿಲ್ಲ. ಅದು ತಿಳಿಯಾಗಲು ಎರಡು ದಿನ ಬೇಕಾಯಿತು. ಆಗ ಎಲ್ಲಕ್ಕಿಂತ ಮೇಲೆ ಹಾಲಿನ ಕೆನೆಯಷ್ಟು ತೆಳುವಾಗಿ ನುಣ್ಣನೆಯ ಮಣ್ಣು ಕೂತಿತ್ತು. ಬೆಳೆ ಉಣ್ಣುವುದು ಅದನ್ನೇ. ಎರಡು ದಿನ ಅಲುಗಾಡದೆ ಇಟ್ಟರಷ್ಟೇ ನಿಲ್ಲುವ ಆ ಮಣ್ಣನ್ನು, ಇಳಿಜಾರಿನಲ್ಲಿ ಓಡುವ ನೀರಿನ ಕೈಗೆ ನಾನು ಕೊಟ್ಟಿದ್ದೆನು. ಬದು ಮಾಡುತ್ತಿದ್ದ ಕೆಲಸ ಇಷ್ಟೇ ಎಂಬುದು ಆಗ ಅರ್ಥವಾಯಿತು. ಅದು ನೀರನ್ನು ತಡೆಯುತ್ತಿರಲಿಲ್ಲ, ಅವಸರವನ್ನು ತಡೆಯುತ್ತಿತ್ತು.

ನೀರು ತಿಳಿಯಾದ ಮಾರನೆಯ ದಿನ ಕೆಳಹೊಲದ ಮಾವನವರ ಬಳಿ ಹೋಗಿ, ಗೋಡನ್ನು ವಾಪಸು ಹೊತ್ತುಕೊಳ್ಳಲು ಅನುಮತಿ ಕೋರಿದೆನು.

“ಅರ್ಜಿ ಬರ್ಕಂಡ್ ಬಂದಿದೀಯಾ?” ಎಂದು ನಕ್ಕರು. ನಂತರ ನಗು ನಿಲ್ಲಿಸಿ ಹೇಳಿದರು: “ಮಳೆ ತಂದಾಕಿದ್ದು ನಿಂತ ಹೊಲಕ್ಕೆ ಸೇರಿದ್ದು ಕಣವ್ವ. ನಾಳೆ ನನ್ನ ಮಣ್ಣು ಕೆರೆಗೋದ್ರೆ ಕೆರೆ ವಾಪಸ್ ಕೊಡ್ತದಾ? ಅದಿರ್ಲಿ, ಅತ್ತಿಗಮ್ಮಂಗೆ ಹೇಳಿದೀಯಾ?”

ಇಲ್ಲವೆಂದೆನು.

“ಆ ಬದು ಯಾರು ಹಾಕಿದ್ದು ಗೊತ್ತಾ? ನಿಮ್ಮಾವ ತೀರ್ಕಂಡ ವರ್ಷದಿಂದ ನೇಗಿಲಿಗೆ ಎದ್ದ ಒಂದೊಂದ್ ಕಲ್ಲೂ ಆವಮ್ಮನೇ ಹೊತ್ತಾಕಿದ್ದು. ಫೋನಲ್ಲಿ ಹೇಳ್ಬೇಡ. ಹೋಗಿ ಹೇಳು.”

ಭಾನುವಾರ ಅರಸೀಕೆರೆಗೆ ಬಂದು ಜಾವಗಲ್ ಮಾರ್ಗದ ಬಸ್ಸು ಹತ್ತಿದೆನು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಬರೆದು ಹೊಡೆದು ಹಾಕುತ್ತಿದ್ದೆನು. ಹಳೇಬೀಡು ನನ್ನ ತವರು. ಕೆರೆ ಏರಿ ಕಂಡಾಗ ಎಂದಿನಂತೆ ಇಳಿಯಬೇಕೆನಿಸಿತು, ಇಳಿಯಲಿಲ್ಲ. ಚಿಕ್ಕವಳಿದ್ದಾಗ ದೇವಸ್ಥಾನದ ಹೊರಗೋಡೆಯ ಬೊಂಬೆಗಳ ಬೆರಳುಗಳನ್ನು ಮುಟ್ಟಿ ನೋಡುತ್ತಿದ್ದೆ. ಅವುಗಳ ಉಗುರು ಕೂಡ ಕೈಗೆ ಸಿಗುತ್ತಿತ್ತು. ಭೂಮಿಯಿಂದ ತೆಗೆದಾಗ ಬಳಪದಷ್ಟು ಮೆದು, ಗಾಳಿಗೆ ಇಟ್ಟರೆ ಗಟ್ಟಿಯಾಗುವ ಕಲ್ಲು ಅದು ಎಂದು ನಮ್ಮಪ್ಪ ಹೇಳುತ್ತಿದ್ದರು. ಅಷ್ಟು ಶತಮಾನಗಳ ಮಳೆ ಒಂದು ಉಗುರನ್ನು ಅಳಿಸಲಾರದೆ ಹೋಗಿದೆ. ನನ್ನ ಹೊಲಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಮಳೆ ಎರಡೂ ಕಡೆ ಒಂದೇ. ಅದು ಎದುರಾಗುವುದು ಯಾವುದಕ್ಕೆ ಎಂಬುದರಲ್ಲೇ ವ್ಯತ್ಯಾಸವೆಂದು ಯೋಚಿಸಿದೆನು. ಆದರೆ ಅದರಿಂದ ಧೈರ್ಯವೇನೂ ಬರಲಿಲ್ಲ.

ಬೇಲೂರಿನಲ್ಲಿ ಅತ್ತೆಯವರು ಕಾಲು ನೀಡಿ ಕೂತು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆನು. ಯಾವುದನ್ನೂ ಬಿಡಲಿಲ್ಲ. ಅವರ ಕೈ ನಿಲ್ಲಲಿಲ್ಲ.

“ಕಲ್ಲೆಲ್ಲಿ?” ಎಂದರು.

“ಕೆರೆ ದಾರಿಗೆ ಹಾಕ್ಸಿದೆ ಅತ್ತೆ.”

“ದಾರಿಗೆ ಹಾಕಿದ್ದು ದಾರೀದಾಯ್ತು. ಕೀಳಕ್ಕಾಗಲ್ಲ.” ಮಗುವನ್ನು ಮಗ್ಗುಲಾಗಿಸಿದರು. “ಗೋಡು ಹೋದ್ರೆ ಇನ್ನೊಂದು ಬೇಸಿಗೇಲಿ ಹೊಡೀಬೋದು ಕಣೇ. ಬದುವಿನ ಹಿಂದೆ ಮೊಣಕಾಲುದ್ದ ಮಣ್ಣು ನಿಂತಿತ್ತಲ್ಲ, ಅದನ್ನ ಯಾವ ಟ್ರ್ಯಾಕ್ಟರೂ ತಂದಾಕಿದ್ದಲ್ಲ.”

ಬೈದರೆ ಕೊಡಲೆಂದು ನಾನು ಉತ್ತರ ಸಿದ್ಧಪಡಿಸಿಕೊಂಡಿದ್ದೆನು. ಅದು ಬೇಕಾಗಲಿಲ್ಲ. ಊಟ ಬಡಿಸಿದರು, ಉಂಡೆನು, ಸಂಜೆಯ ಬಸ್ಸಿಗೆ ಹೊರಟೆನು. ಬಾಗಿಲಿಗೆ ಬಂದವರು, “ಮಣ್ಣು ಹೋದ ಮೇಲೆ ಕಲ್ಲು ಎದ್ದಿರ್ತವೆ, ಅವನ್ನ ಆಯಿ. ಬಿತ್ತನೆ ಮುಂಚೆ ಬತ್ತೀನಿ” ಎಂದಷ್ಟೇ ಹೇಳಿದರು.

ಅದು ನಿಜವಾಗಿತ್ತು. ಮಳೆಯು ಹಗುರವಾದುದನ್ನು ಒಯ್ದು ಭಾರವಾದುದನ್ನು ನಮಗೇ ಬಿಟ್ಟಿತ್ತು. ಪ್ರತಿದಿನ ಕಚೇರಿಗೆ ಹೋಗುವ ಮುಂಚೆ ಒಂದು ಗಂಟೆ ಕಲ್ಲು ಆಯ್ದೆನು. ಮೊದಲ ಸಾಲನ್ನು ನಾನು ಕಡತ ಜೋಡಿಸಿದಂತೆ ನೇರವಾಗಿ, ಸಂದಿಯಿಲ್ಲದಂತೆ ಇಟ್ಟಿದ್ದನ್ನು ಕೆಳಹೊಲದ ಮಾವನವರು ನೋಡಿ ಕಾಲಿನಿಂದ ಒದ್ದು ಬೀಳಿಸಿದರು.

“ಇದೇನು ಕಾಂಪೌಂಡಾ? ದೊಡ್ಡದು ಕೆಳಗೆ, ಮಣ್ಣೊಳಗೆ ಅರ್ಧ ಹೂತಿರ್ಬೇಕು. ಗುಡ್ಡದ ಕಡೆ ವಾಲ್ಸು. ಸಂದಿ ಬಿಡು, ನೀರು ಸೋರ್ಬೇಕು, ಸೋರದಿದ್ರೆ ಹೊಡ್ಕಂಡೋಯ್ತದೆ.”

“ಬದು ಆದ್ರೆ ನಿಮಗೆ ಗೋಡು ಬರೋದು ನಿಂತೋಗುತ್ತಲ್ಲ ಮಾವ” ಎಂದೆನು.

“ನಿಮ್ಮ ಗರಸು ಬರೋದೂ ನಿಲ್ತದೆ. ಬರೀ ಗೋಡು ಕಳಿಸ್ತೀನಿ ಅಂತ ನೀನೇನು ಬರ್ಕೊಡ್ತೀಯಾ?” ಎಂದು ಬಗ್ಗಿ ಒಂದು ಕಲ್ಲು ಎತ್ತಿಕೊಟ್ಟರು.

ಅತ್ತೆಯವರು ಬಂದು, ಮೊಣಕಾಲಿಗೂ ಬಾರದ ಆ ಬದುವಿನ ಉದ್ದಕ್ಕೂ ಒಮ್ಮೆ ನಡೆದು, ಎರಡು ಕಡೆ ಕಲ್ಲು ಅಲುಗಿಸಿ ನೋಡಿದರು. ಆ ವರ್ಷ ನಮ್ಮ ರಾಗಿ ಗೇಣುದ್ದವಿದ್ದಾಗಲೇ ಹಳದಿಯಾಯಿತು. ಕೆಳಹೊಲದ ರಾಗಿ ಗಾಳಿಗೆ ಅಲೆಯೇಳುವಷ್ಟು ಬೆಳೆಯಿತು. ನಾನು ದಿನವೂ ಅದರ ಪಕ್ಕದಲ್ಲೇ ಬಸ್ಸಿಗೆ ನಡೆದೆನು. ಬಿತ್ತನೆಯ ದಿನ ನನ್ನನ್ನು ಅತ್ತೆಯವರು ಬುತ್ತಿ ತರಲು ಕಳಿಸಿದ್ದರು, ಬೀಜ ಮುಟ್ಟಿಸಿರಲಿಲ್ಲ. ಅದು ನ್ಯಾಯವೆಂದು ನನಗೆ ತೋರಿತು.

ಎರಡನೆಯ ವರ್ಷ ಮುಂಗಾರಿನ ಮಳೆಗಳಾದ ಮೇಲೆ ಬದುವಿನ ಹಿಂದೆ ನಾಲ್ಕು ಬೆರಳಷ್ಟು ಮಣ್ಣು ನಿಂತಿತ್ತು. ಮೊಣಕಾಲುದ್ದವಾಗಲು ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆನು; ನನ್ನ ಸೇವಾವಧಿ ಅದಕ್ಕೆ ಸಾಲದು. ಅತ್ತೆಯವರು ಕಾಲ್ಬೆರಳಿನಿಂದ ಆ ಮಣ್ಣನ್ನು ಕೆದಕಿ, ಬಗ್ಗಿ ಒಂದು ಚಿಟಿಕೆ ತೆಗೆದು ತಿಕ್ಕಿ ನೋಡಿದರು. ಕೂರಿಗೆ ಮುಂದೆ ಹೋಗಿತ್ತು. ರಾಗಿಯ ನಡುವೆ ಅವರೆ, ಜೋಳ ಹಾಕುವ ಅಕ್ಕಡಿ ಸಾಲು ಬಾಕಿಯಿತ್ತು. ಮಡಿಲಲ್ಲಿದ್ದ ಬೀಜವನ್ನು ನನ್ನ ಸೆರಗಿಗೆ ಸುರಿದರು.

“ಇಳಿಜಾರಿಗೆ ಹೋಗ್ಬೇಡ. ಅಡ್ಡಕ್ಕೆ ನಡಿ, ನಿಧಾನಕ್ಕೆ” ಎಂದರು.

ನಾನು ಹಾಗೆಯೇ ನಡೆದೆನು.