ಸೋನಾಬಾಯಿಯ ಒಂದು ತಂಬಿಗೆ ನೀರು

ಉಗಾರ ಖುರ್ದದ ಸೇತುವೆಯ ಮೇಲೆ ನಿಂತು ಒಂದೇ ಉಸಿರಿಗೆ ಕೃಷ್ಣಾ ನದಿಯನ್ನು ಕುಡಿದು ಬರಿದು ಮಾಡಿದವನು ನಾನು. ಮೀನುಗಳು ನಡೆದುಕೊಂಡೇ ಮಹಾರಾಷ್ಟ್ರಕ್ಕೆ ವಾಪಸು ಹೋದವು. ನಾನು ತೇಗಿದ ಸದ್ದನ್ನು ಸೈರನ್ ಎಂದು ತಿಳಿದು ಸಕ್ಕರೆ ಕಾರ್ಖಾನೆಯವರು ಪಾಳಿ ಬಿಟ್ಟು ಮನೆಗೆ ಹೊರಟರು. ಕಾಗವಾಡದಿಂದ ನಿಪ್ಪಾಣಿಯವರೆಗೆ ಇದನ್ನು ಕೇಳಿದವರೆಲ್ಲ ನಕ್ಕಿದ್ದಾರೆ. ನಗದವಳು ಸೋನಾಬಾಯಿ ಒಬ್ಬಳೇ.

"ತಣ್ಣಗ ಇತ್ತೇನ್ರಿ ನೀರು?" ಎಂದು ಕೇಳುತ್ತಾಳೆ.

ಅಥಣಿ ಸಂತೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಗಿಡಮೂಲಿಕೆ ಮಾರುವ ಗುರಪ್ಪನ ತಾಡಪತ್ರಿಯ ಮೇಲೆ ಕೂತು ಆಕೆ ಸೊಪ್ಪು, ಬೇರು ಹಸನು ಮಾಡುತ್ತಿದ್ದಾಳೆ. ಅದೇ ಆಕೆಯ ಕೂಲಿ. ಎದುರಿನ ರಾಶಿ ಹಿಮಾಲಯದಷ್ಟಿದೆ. ಹೋಗಲಿ, ಸೊಂಟದಷ್ಟಂತೂ ಇದೆ. ಪಕ್ಕದಲ್ಲಿ ಆಕೆಯ ಆಡು. ಅನುಮಾನ ಬಂದ ಎಲೆಯನ್ನು ಅದರ ಮೂತಿಗೆ ಹಿಡಿಯುತ್ತಾಳೆ. ಎಲ್ಲದಕ್ಕೂ ಬಾಯಿ ಹಾಕುವ ಆಡು ಒಂದಕ್ಕೆ ಮಾತ್ರ ಮುಖ ತಿರುಗಿಸುತ್ತದೆ. ಅದು ಆಡುಮುಟ್ಟದ ಬಳ್ಳಿ. ಈ ಗಡಿಯ ಮರಾಠಿ ಬೆರೆತ ಮಾತಿನಲ್ಲಿ ಕಿಡಾಮಾರಿ, ಅಂದರೆ ಹುಳ ಕೊಲ್ಲುವಂಥದ್ದು.

"ಬಂದ್ಲಪಾ ಆಡಿನ ಇನ್ಸ್‌ಪೆಕ್ಟರ! ಇರ್ಲಿ ಬಿಡಬೇ, ಹುಳದ ಔಷಧ ಅಂತ ಕೇಳ್ಕೋತ ಬರ್ತಾರ," ಗುರಪ್ಪ ಗೊಣಗುತ್ತಾನೆ.

"ಹೆಸರ ತಪ್ಪೈತೋ ಗುರಪ್ಪಾ. ಅದು ಕಿಡಾಮಾರಿ ಅಲ್ಲ, ಕಿಡ್ನಿಮಾರಿ!" ಬಳ್ಳಿ ಗಟಾರ ಸೇರುತ್ತದೆ. ನೋಟುಬುಕ್ಕು ಹಿಡಿದು ಕೂತ ನನ್ನತ್ತ ತಿರುಗಿ ಮೆಲ್ಲಗೆ ಹೇಳುತ್ತಾಳೆ: "ಆಡು ತಿಂದದ್ದೆಲ್ಲಾ ಮನಷ್ಯಾಗ ಒಗ್ಗತೈತಿ ಅಂತ ಬರೀಬ್ಯಾಡ್ರಿ ಮತ್ತ. ಇದೊಂದರ ಗುರ್ತ ಅದಕ್ಕ ಛಲೋ ಐತಿ, ಅಷ್ಟ."

ಆಕೆಯ ಊರು ಕಬ್ಬೂರ. ಕಬ್ಬು ಕಡಿದು ಕಡಿದು ಹಿಡಿದುಕೊಂಡ ಮೊಣಕಾಲಿಗೆಂದು ವರ್ಷಗಟ್ಟಲೆ ಇದೇ ಬಳ್ಳಿಯ ಕಷಾಯ ಕುಡಿದಳು. "ಗಿಡದ್ದಲ್ಲೇನ್ರಿ, ಏನ್ ಮಾಡೀತು ಅಂದ್ಕೊಂಡೆ." ಕಾಲು ಬಾತವು, ಊಟ ಸೇರದಾಯಿತು. ಬಳ್ಳಿಯ ವಿಷಕ್ಕೆ ಎರಡೂ ಕಿಡ್ನಿ ಸೊರಗಿವೆ ಎಂದರು ಚಿಕ್ಕೋಡಿಯ ವೈದ್ಯರು. ಬಳ್ಳಿ ಬಿಟ್ಟ ಎಷ್ಟೋ ವರ್ಷಗಳ ಮೇಲೂ ಮೂತ್ರದ ಹಾದಿಯಲ್ಲಿ ಕ್ಯಾನ್ಸರ್ ಏಳಬಹುದಂತೆ. ಈಗ ವಾರಕ್ಕೆರಡು ಸಲ ಡಯಾಲಿಸಿಸ್, ಉಳಿದ ದಿನ ಸಂತೆ.

"ಸೂಜಿಗೆ ಹೆದರೂದಿಲ್ರಿ. ನೀರಡಿಕಿ ಐತೆಲಾ, ಅದು ಕೊಲ್ಲತೈತಿ."

ಮೈಯಲ್ಲಿ ನೀರು ನಿಲ್ಲಬಾರದೆಂದು ದಿನಕ್ಕೆ ಆಕೆಗೆ ಸಣ್ಣ ಬಾಟಲಿಯಷ್ಟೇ ನೀರು. ಮುಚ್ಚಳದಲ್ಲಿ ಹನಿಸಿಕೊಂಡು, ನಾಲಿಗೆಯ ಮೇಲೆ ಇಟ್ಟುಕೊಂಡು, ತಡವಾಗಿ ನುಂಗುತ್ತಾಳೆ. ಊರಲ್ಲಿ ಕಬ್ಬಿಗೆ ನೀರು ಬಿಟ್ಟಾಗ ಹೋಗಿ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾಳೆ. "ಕಾಲರೆ ಕುಡೀಲಿ ಅಂತ್ರಿ." ಆಸೆ ಏನು ಎಂದರೆ ಆಕಾಶಕ್ಕೆ ಮುಖ ಎತ್ತುತ್ತಾಳೆ. "ಒಂದ ತಂಬಗಿ ಹಿಂಗ ಎತ್ತಿ ಗಟಗಟಾ ಕುಡೀಬೇಕ್ರಿ. ಗದ್ದದ ಮ್ಯಾಲಿಂದ ಇಳದು ಕುಪ್ಪಸಾ ತೋಯಬೇಕು."

ಆಕೆಯನ್ನು ನಗಿಸಲು ನೋಡುತ್ತೇನೆ. ನನ್ನವು ಉಕ್ಕಿನ ಮೊಣಕಾಲು, ರಾಯಬಾಗಕ್ಕೆ ಓಡಿಹೋಗಿ ಚಹಾ ಆರುವುದರೊಳಗೆ ಬಂದುಬಿಡುತ್ತೇನೆ ಎಂದು ಶುರುಮಾಡುತ್ತೇನೆ. ಅಷ್ಟರಲ್ಲಿ ಆಡು ನನ್ನ ಚೀಲಕ್ಕೆ ಮೂತಿ ಹಾಕಿದೆ. ಬಸ್ ಟಿಕೆಟ್ ತಿನ್ನುತ್ತದೆ, ಬಾಳೆಹಣ್ಣನ್ನು ಸಿಪ್ಪೆ ಸಮೇತ ತಿನ್ನುತ್ತದೆ. ತಳದ ಕಾಗದದ ಪೊಟ್ಟಣ ಮೂಸಿ ಮುಖ ತಿರುಗಿಸುತ್ತದೆ.

ಸೋನಾಬಾಯಿಯ ಕೈ ನಿಲ್ಲುತ್ತದೆ. "ಏನೈತ್ರಿ ಅದರಾಗ?"

"ಸುಣ್ಣ."

ಬಿಚ್ಚಿ ಮೂಸುತ್ತಾಳೆ. ಅದೇ ಬಳ್ಳಿಯ ಪುಡಿ. "ಇವತ್ತ ರಕ್ತ ತಪಾಸಣಿ ಮಾಡಸ್ರಿ ಸಾಹೇಬ್ರ. ನಾಳೆ ಅನಬ್ಯಾಡ್ರಿ." ಪೊಟ್ಟಣವನ್ನು ಗಟಾರಕ್ಕೆ ಝಾಡಿಸುತ್ತಾಳೆ. "ಈಗ ಹೊಳಿ ಕುಡದ ಕತಿ ಖರೇ ಹೇಳ್ರಿ."

ಹೇಳುತ್ತೇನೆ. ಹೊಳೆ ಕುಡಿದಿಲ್ಲ. ನನ್ನ ಮೊಣಕಾಲು ಬಸ್ಸಿನ ಮೆಟ್ಟಿಲನ್ನೂ ಹತ್ತಲೊಲ್ಲವು. ಅಂದು ಸೇತುವೆಯ ಮೇಲೆ ನಾನು ನುಂಗಿದ್ದು ಈ ಪುಡಿ ಒಂದು ಚಮಚ, ಅದರ ಮೇಲೊಂದು ಗುಟುಕು ನೀರು. ಬಾಟಲಿಯಲ್ಲಿ ಉಳಿದದ್ದನ್ನೆಲ್ಲ ಹೊಳೆಗೆ ಚೆಲ್ಲಿಬಿಟ್ಟೆ.

ಹೌದು, ತಣ್ಣಗಿತ್ತು.