‘ಆಗಂಗಿಲ್ರಿ’ ಎಂದು ಮೊದಲ ಸಲ ಹೇಳಿದ ದಿನ

ಕಳೆದ ವರ್ಷ ಮೇ ತಿಂಗಳು, ಲಗ್ನದ ಸೀಜನ್ನು. ಬಸವಕಲ್ಯಾಣದಲ್ಲಿ ಕೋಟೆ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸಣ್ಣ ಲೇಡೀಸ್ ಟೇಲರ್ ಅಂಗಡಿ ಇದೆ. ಒಂದು ಮಷಿನ್, ಬಟ್ಟೆ ಕತ್ತರಿಸುವ ಮೇಜು, ಗೋಡೆ ತುಂಬ ಬಟ್ಟೆಯ ಗಂಟುಗಳು. ಕೆಲಸ ಮಾಡುವವಳು ನಾನೊಬ್ಬಳೇ. ಆ ತಿಂಗಳು ಯಾರು ಬಂದು ಕೇಳಿದರೂ ನನ್ನ ಬಾಯಲ್ಲಿ ಒಂದೇ ಮಾತು, "ನಾಳಿ ಬರ್ರಿ." ಒಂದು ದಿನ ಬೆಳಿಗ್ಗೆ ಗಂಡ ಎಬ್ಬಿಸಿದರೆ ನಿದ್ದೆಗಣ್ಣಲ್ಲಿ ಅವರಿಗೂ "ನಾಳಿ ಬರ್ರಿ" ಅಂದೆನಂತೆ. ಅದನ್ನು ಅವರು ಓಣಿಯೆಲ್ಲ ಹೇಳಿಕೊಂಡು ನಕ್ಕರು.

ನಮ್ಮ ದಂಧೆಯಲ್ಲಿ ಒಂದು ಪದ್ಧತಿ ಇದೆ. ಬಟ್ಟೆ ಕೈಗೆ ಬಂದ ಕೂಡಲೇ ಕತ್ತರಿಸಿ ಇಟ್ಟುಬಿಡುವುದು, ಹೊಲಿಯುವುದು ಯಾವಾಗಲೋ. ಕತ್ತರಿ ಬಿದ್ದ ಬಟ್ಟೆಯನ್ನು ಗಿರಾಕಿ ಇನ್ನೊಬ್ಬ ಟೇಲರಿಗೆ ಒಯ್ದು ಕೊಡುವುದಿಲ್ಲ, ಬೈದುಕೊಂಡಾದರೂ ನಮ್ಮ ಹತ್ತಿರವೇ ಬರಬೇಕು. ನನಗೆ ಕೆಲಸ ಕಲಿಸಿದವರೂ ಹಾಗೇ ಮಾಡುತ್ತಿದ್ದರು. ಹಾಗಾಗಿ ಬಂದಿದ್ದನ್ನೆಲ್ಲ ಕತ್ತರಿಸಿ ಗಂಟು ಕಟ್ಟಿಟ್ಟಿದ್ದೆ. ಹಗಲು ಹೊಲಿಯಲು ಕೂತರೆ ಫೋನು. ಫೋನ್ ಇಟ್ಟರೆ ಬಾಗಿಲಲ್ಲಿ ಯಾರಾದರೂ. ಯಾರು ಹೆಚ್ಚು ಜೋರು ಮಾಡುತ್ತಾರೋ ಅವರ ಬ್ಲೌಸ್ ಮಷಿನ್ ಏರುತ್ತಿತ್ತು. ಅದು ಅರ್ಧ ಆಗುವಷ್ಟರಲ್ಲಿ ಮತ್ತೊಬ್ಬರು ಬಂದು ಜೋರು ಮಾಡುತ್ತಿದ್ದರು. ಉಳಿದದ್ದೆಲ್ಲ ರಾತ್ರಿಯ ಪಾಲು.

ಒಂದು ಶನಿವಾರ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಸುಲೋಚನಾ ಸಿಸ್ಟರ್ ಬಂದರು. ಅವರು ನಮ್ಮ ಓಣಿಯವರೇ, ಹುಮನಾಬಾದಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಎಷ್ಟೋ ವರ್ಷಗಳಿಂದ ದಿನಾ ಬಸ್ಸಿನಲ್ಲಿ ಓಡಾಡಿದವರು. ಮರುದಿನ ಬೆಳಿಗ್ಗೆ ಅಲ್ಲಿ ಅವರ ರಿಟೈರ್‌ಮೆಂಟಿನ ಸತ್ಕಾರ. ಅದಕ್ಕೆಂದೇ ರೇಷ್ಮೆ ಸೀರೆ ತಗೊಂಡಿದ್ದರು. ಬ್ಲೌಸ್ ಶನಿವಾರ ಕೊಡುತ್ತೇನೆ ಎಂದು ನಾನೇ ಹೇಳಿದ್ದೆ. ಅದು ಗಂಟಿನಲ್ಲಿ ಕತ್ತರಿಸಿ ಬಿದ್ದಿತ್ತು, ಒಂದು ಹೊಲಿಗೆಯೂ ಬಿದ್ದಿರಲಿಲ್ಲ. ಏನು ಸಬೂಬು ಹೇಳಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಮುಂದೆ ಒಂದು ಬೈಕು ಬಂದು ನಿಂತಿತು.

ಹುಮನಾಬಾದಿನ ಮದುಮಗಳೊಬ್ಬಳ ಅಣ್ಣ. ಅವರ ಅತ್ತೆ ಇಲ್ಲಿಯವರಾದ್ದರಿಂದ ಆ ಹುಡುಗಿಯ ಲಗ್ನದ ಬ್ಲೌಸ್ ನನ್ನ ಹತ್ತಿರ ಬಂದಿತ್ತು, ಹೊಲಿದು ಹಿಂದಿನ ದಿನ ಕಳಿಸಿದ್ದೆ. ಅದನ್ನೇ ತಂದು ಮೇಜಿನ ಮೇಲೆ ಒಗೆದ.

"ನಾಳಿ ಲಗ್ನ ಅದ ಅಕ್ಕಾ! ಇದನ್ನ ಹಾಕ್ಕೊಂಡ್ರ ನಮ್ ತಂಗಿಗಿ ಕೈ ಮ್ಯಾಲ ಎತ್ತಾಕ ಬರವಲ್ದು. ವರನ ಕೊಳ್ಳಾಗ ಹಾರ ಹ್ಯಾಂಗ ಹಾಕ್ಬೇಕ್ರಿ ಆಕಿ? ಆಕಿ ಅಳಾಕತ್ತಾಳ, ಅವ್ವ ಅಳಾಕತ್ತಾಳ!"

ತಿರುಗಿಸಿ ನೋಡಿದೆ. ಬಲಗೈ ತೋಳು ಎಡಕ್ಕೆ, ಎಡದ್ದು ಬಲಕ್ಕೆ! ತೋಳಿನ ಮುಂಭಾಗವನ್ನು ನಾವು ಸ್ವಲ್ಪ ಹೆಚ್ಚು ತೋಡಿ ಕತ್ತರಿಸುತ್ತೇವೆ. ಅದಲುಬದಲಾದರೆ ಕಂಕುಳಲ್ಲಿ ಹಿಡಿದುಬಿಡುತ್ತದೆ. ತೋಳಿನ ತುಂಬ ಮಣಿ, ಜರಿಯ ಕೆಲಸ ಬೇರೆ. ಅವಸರದಲ್ಲಿ ಹೊಲಿಗೆ ಬಿಚ್ಚಿದರೆ ರೇಷ್ಮೆ ಹರಿಯುತ್ತದೆ, ಬೇರೆ ಬಟ್ಟೆ ಇಲ್ಲ.

"ಎಷ್ಟ್ ಹೊತ್ತಿನ ಕೆಲಸ?" ಸಿಸ್ಟರ್ ಕೇಳಿದರು.

"ಬಿಡದಂಗ ಕುಂತ್ರ ಮೂರು ತಾಸು ಸಾಕ್ರಿ. ಬಿಡದಂಗ ಕೂಡಾಕ ಯಾರು ಬಿಡ್ತಾರ?"

ಅಷ್ಟರಲ್ಲೇ ಫೋನ್ ಬಡಿದುಕೊಳ್ಳತೊಡಗಿತು. ಸಿಸ್ಟರ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಂದ್ ಮಾಡಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. ಸ್ಟೂಲು ಎಳೆದು ಬಾಗಿಲಿಗೆ ಅಡ್ಡ ಕೂತರು.

"ತಲಿ ಎತ್ತಬ್ಯಾಡ. ಬಾಗಲಾ ನಾ ನೋಡ್ಕೋತೀನಿ."

"ನಿಮ್ದು ಹ್ಯಾಂಗ್ರಿ ಸಿಸ್ಟರ್? ನಿಮಗೂ ನಾಳೀನೇ ಅದಲ್ಲ?"

"ಆ ಹುಡುಗಿ ಹಾರ ಹಾಕಾಕಿ. ನಾ ಹಾಕಿಸ್ಕೊಳ್ಳಾಕಿ. ನನಗ ಕೈ ಎತ್ತೋ ಜರೂರತ್ ಇಲ್ಲ. ಮೊದ್ಲು ಅದನ್ನ ಮಾಡು."

ನಾನು ಬಿಚ್ಚಲು ಕೂತೆ. ಆ ಹುಡುಗನನ್ನು ಚಹಾ ಕುಡಿದು ಬಾ ಎಂದು ಸಿಸ್ಟರ್ ಅಟ್ಟಿದರು. ಸ್ವಲ್ಪ ಹೊತ್ತಿಗೆ ಸೀರೆಗೆ ಫಾಲ್ ಹಚ್ಚಲು ಕೊಟ್ಟಿದ್ದ ಹೆಂಗಸೊಬ್ಬಳು ಬಂದಳು. ಭಾರಿ ಗಟ್ಟಿ ಬಾಯಿಯವಳು. ಬೇರೆ ದಿನವಾಗಿದ್ದರೆ ಕೈಯಲ್ಲಿದ್ದದ್ದು ಬಿಟ್ಟು ಅವಳದ್ದನ್ನೇ ಎತ್ತಿಕೊಳ್ಳುತ್ತಿದ್ದೆ.

"ಒಳಗ ಆಪರೇಷನ್ ನಡದದ. ಸೋಮವಾರ ಬರ್ರಿ" ಅಂದರು ಸಿಸ್ಟರ್.

"ನೀವ್ಯಾರ್ರಿ ಹೇಳಾಕ?"

"ಡ್ಯೂಟಿ ನರ್ಸು."

ನನಗೆ ನಗು ತಡೆಯಲಿಲ್ಲ, ಸೂಜಿ ಕೈಯಲ್ಲಿ ಅಲುಗಿತು. "ನಗಬ್ಯಾಡ, ಮಣಿ ಉದುರ್ತಾವ" ಎಂದು ಗದರಿದರು. ಆ ಹೆಂಗಸು ಗೊಣಗಿದಳು, ಹೋದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಹೀಗೆ ಎಷ್ಟೋ ಜನ ಬಂದರು, ಎಲ್ಲರಿಗೂ ಸಿಸ್ಟರ್ ಒಂದೊಂದು ದಿನ ಹೇಳಿ ಕಳಿಸಿದರು. ಯಾರಿಗೂ "ನಾಳಿ" ಅನ್ನಲಿಲ್ಲ.

ನಡುವೆ ಒಮ್ಮೆ ನನ್ನ ಕಡೆ ತಿರುಗದೆಯೇ ಹೇಳಿದರು, "ವಾರ್ಡಿನ್ಯಾಗ ಎಲ್ಲಾರೂ ಒಂದೇ ಸಲ ಕರೀತಿರ್ತಾರ ನೋಡವಾ. ಜೋರ್ ಒದರೋರ ಕಡೀಗೇ ಓಡಿದ್ರ, ಒದರಾಕ ತ್ರಾಣಿಲ್ದವರು ಹೋಗೇಬಿಡ್ತಾರ. ಯಾರದು ಮೊದ್ಲು ಅಂತ ನಾವು ಠರಾಸ್ಬೇಕು. ಒಂದು ಮುಗಿಸೇ ಇನ್ನೊಂದು ಮುಟ್ಟಬೇಕು."

ಸಂಜೆ ಆರರ ಹೊತ್ತಿಗೆ ಎರಡೂ ತೋಳು ಸರಿಯಾಗಿ ಕೂತವು. ಒಂದು ಮಣಿಯೂ ಉದುರಿರಲಿಲ್ಲ. ಹುಡುಗ ಅದನ್ನು ಅಂಗಿಯೊಳಗೆ ಅವಚಿಕೊಂಡು ಬೈಕ್ ಓಡಿಸಿಕೊಂಡು ಹೋದ. ಅವನು ನಡುವಿನ ರಾಜೇಶ್ವರ ಊರು ದಾಟಿ ಹುಮನಾಬಾದ್ ಮುಟ್ಟುವವರೆಗೂ ನನಗೆ ಜೀವದಲ್ಲಿ ಜೀವವಿರಲಿಲ್ಲ. ಸಿಸ್ಟರ್ ನನ್ನ ಫೋನನ್ನು ಬ್ಯಾಗಿನಿಂದ ತೆಗೆದು ಚಾಲೂ ಮಾಡಿಕೊಟ್ಟಿದ್ದರು, ಕೊನೆಗೆ ಅದಕ್ಕೆ ಮದುಮಗಳ ತಾಯಿಯ ಕರೆ ಬಂತು. "ಬರೋಬ್ಬರಿ ಆಗ್ಯದ್ರಿ. ಕೈ ಎತ್ತಿ ಎತ್ತಿ ಎಲ್ಲಾರಿಗೂ ತೋರಸಾಕತ್ತಾಳ!" ಅಂದರು. ನಾನೂ ಸಿಸ್ಟರೂ ಚಿಕ್ಕ ಹುಡುಗಿಯರ ಹಾಗೆ ಕೈ ಕೈ ಹಿಡಿದುಕೊಂಡು ನಕ್ಕೆವು.

ಆಮೇಲೆ ನಾನು ಸಿಸ್ಟರ ಗಂಟು ಬಿಚ್ಚಿದೆ. ಲೈನಿಂಗ್, ಕೊರಳಿಗೆ ಪೈಪಿಂಗ್, ಎಲ್ಲ ಇನ್ನೂ ಆಗಬೇಕಿತ್ತು. "ರಾತ್ರಿ ಕುಂತು ಹೊಲೀತೀನ್ರಿ, ಮುಂಜಾನಿ ನಿಮ್ ಮನಿಗೇ ತಂದುಕೊಡ್ತೀನಿ" ಅಂದೆ.

"ಆ ಹುಡುಗೀ ತೋಳು ಯಾವಾಗ ಹಚ್ಚಿದ್ದಿ?"

"...ರಾತ್ರಿರಿ."

"ಹಾಂ. ನಾನೂ ರಾತ್ರಿ ಡ್ಯೂಟಿ ಭಾಳ ಮಾಡೀನಿ. ನಿದ್ದಿಗೆಟ್ಟ ಕೈ ಏನೇನ್ ಮಾಡ್ತದ ನನಗ ಗೊತ್ತದ. ಬ್ಯಾಡ. ಮನಿಗಿ ಹೋಗಿ ಉಂಡು ಮಲ್ಕೋ. ಈಗ ಖರೇ ಹೇಳು, ನಂದು ಯಾವಾಗ ಕೊಡ್ತಿ?"

"ನಾಳಿ" ಎಂಬುದು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

"ನಾಳಿಗಿ ಆಗಂಗಿಲ್ರಿ ಸಿಸ್ಟರ್. ಮಂಗಳವಾರ ಸಂಜಿಗಿ ಕೊಡ್ತೀನಿ."

ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಸಿಸ್ಟರ್ ನನ್ನ ಬೆನ್ನ ಮೇಲೆ ಕೈಯಿಟ್ಟು, "ಬಟ್ಟಿ ಕೊಟ್ಟ ದಿನಾನೇ ಇಷ್ಟು ಹೇಳಿದ್ರ ಸಾಕಿತ್ತಲ್ಲವಾ" ಅಂದರು. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಅಂದರು.

ಮರುದಿನ ಅವರು ಯಾವುದೋ ಹಳೆಯ ಬ್ಲೌಸ್ ತೊಟ್ಟು, ಅದಕ್ಕೆ ಹೊಂದುವ ಹಳೆಯ ಸೀರೆಯುಟ್ಟು ಹುಮನಾಬಾದಿನ ಬಸ್ ಹತ್ತಿದರು. ಮಂಗಳವಾರ ಸಂಜೆ ಬಂದಾಗ ಬ್ಲೌಸ್ ಸಿದ್ಧವಾಗಿ ತೂಗುತ್ತಿತ್ತು. ತೊಟ್ಟು ನೋಡಿದರು. ಒಂದು ಚೂರೂ ಎಲ್ಲೂ ಹಿಡಿಯಲಿಲ್ಲ. ಆದರೆ ಅದನ್ನು ತೊಡಬೇಕಾಗಿದ್ದ ದಿನ ದಾಟಿಹೋಗಿತ್ತು. ಆ ದಿನವನ್ನು ನಾನು ಹೊಲಿದು ಕೊಡಲಾರೆ.

ಈಗ ಮುಂಜಾನೆಯೆಲ್ಲ ಬರೀ ಮಷಿನ್ ಕೆಲಸ, ಫೋನ್ ಡಬ್ಬಿಯೊಳಗೆ. ಅಳತೆ, ಮಾತುಕತೆ, ಹೊಸ ಬಟ್ಟೆ ಏನಿದ್ದರೂ ನಾಲ್ಕರ ಮೇಲೆ. ಕರೆಂಟ್ ಹೋದಾಗ ಹೆಮ್ಮಿಂಗ್, ಹುಕ್ಸು. ಹೊಲಿಯುವ ದಿನ ಬರದೆ ಯಾರ ಬಟ್ಟೆಗೂ ಕತ್ತರಿ ಹಾಕುವುದಿಲ್ಲ, ಬೇಕಾದವರು ವಾಪಸ್ ಒಯ್ಯಲಿ. ಕೆಲವರು ಒಯ್ದರು ಕೂಡ. ರಾತ್ರಿ ಅಂಗಡಿಯ ದೀಪ ಹೊತ್ತುವುದಿಲ್ಲ. ಕೈಯಲ್ಲಿರುವ ಕೆಲಸ ಮೊದಲಿಗಿಂತ ಕಡಿಮೆಯೇನೂ ಆಗಿಲ್ಲ, ಆದರೆ ಹೇಳಿದ ದಿನ ತಪ್ಪಿಲ್ಲ.

ಸೀಜನ್ ಬಂತೆಂದರೆ ಈಗಲೂ ಜನ ಬಾಗಿಲಲ್ಲಿ ನಿಂತು ಗೋಗರೆಯುತ್ತಾರೆ, ರೇಗುತ್ತಾರೆ. ನಾನು "ಆಗಂಗಿಲ್ರಿ" ಎನ್ನುತ್ತೇನೆ. ಅಷ್ಟು ಸಲೀಸಾಗಿ ಹ್ಯಾಂಗ ಹೇಳ್ತಿ ಎಂದು ನನ್ನ ಗಂಡನಿಗೇ ಆಶ್ಚರ್ಯ. ಅವತ್ತು ಸುಲೋಚನಾ ಸಿಸ್ಟರಿಗೇ ಹೇಳಿದವಳು ನಾನು. ಇನ್ನು ಯಾರಿಗೆ ಹೇಳುವುದು ಕಷ್ಟ?